ಬರೆಯಲು ಕೂತ ಮಗು ಏಕೆ ಬರೆಯುವುದಿಲ್ಲ?

ಬೋಧನಾಭ್ಯಾಸದ ದಿನಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ದಿನಚರಿಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ‘ಮಕ್ಕಳಲ್ಲಿ ಸೃಜನಶೀಲತೆ ಕಡಿಮೆ ಇರುವುದರಿಂದ ಪ್ರಬಂಧ ಬರೆಯಲಿಲ್ಲ.’ ಕನ್ನಡ ಬೋಧನಾ ವಿಧಾನವನ್ನು ಕಲಿಸುವ ನಾನು ಈ ವಾಕ್ಯವನ್ನು ವರ್ಷ ವರ್ಷವೂ ಓದುತ್ತ ಬಂದಿದ್ದೇನೆ. ಇದರ ಎರಡನೆಯ ಭಾಗ ನಿಜ. ಮೊದಲನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ಮಕ್ಕಳು ಬರೆಯಲಿಲ್ಲ, ಸರಿ. ಆದರೆ ಅದಕ್ಕೆ ಕಾರಣ ಅವರ ತಲೆಯಲ್ಲಿ ಏನೂ ಇಲ್ಲದಿರುವುದಲ್ಲ. ಅಲ್ಲಿರುವುದು ಹಾಳೆಗೆ ಇಳಿಯದಂತೆ ತಡೆಯುವ ಸಂಗತಿಗಳು ಹಲವು ಇವೆ, ಅವುಗಳಲ್ಲಿ ಹೆಚ್ಚಿನವು ಬರವಣಿಗೆಯ ಕೆಲಸವನ್ನು ಶಾಲೆ ಒಡ್ಡುವ ರೀತಿಯಲ್ಲೇ ಅಡಗಿವೆ. ಈ ಲೇಖನದಲ್ಲಿ ಅವುಗಳನ್ನು ಬಿಡಿಸಿ ನೋಡುವ ಪ್ರಯತ್ನ ಮಾಡಿದ್ದೇನೆ.

ಪ್ರಬಂಧದ ಅವಧಿಯನ್ನು ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಿಸಿದವರಿಗೆ ಈ ದೃಶ್ಯ ಪರಿಚಿತ. ಕಪ್ಪುಹಲಗೆಯ ಮೇಲೆ ‘ನನ್ನ ಮೆಚ್ಚಿನ ಹಬ್ಬ’ ಎಂದು ಬರೆದು, ‘ಹದಿನೈದು ಸಾಲಿಗೆ ಕಡಿಮೆಯಿಲ್ಲದಂತೆ ಬರೆಯಿರಿ’ ಎಂದ ಕೂಡಲೇ ತರಗತಿ ನಿಶ್ಶಬ್ದವಾಗುತ್ತದೆ. ಮಕ್ಕಳು ದಿನಾಂಕ ಬರೆಯುತ್ತಾರೆ. ಮಾರ್ಜಿನ್ ಗೆರೆ ಎಳೆಯುತ್ತಾರೆ. ಶೀರ್ಷಿಕೆ ಬರೆದು ಅದರ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಹಾಕುತ್ತಾರೆ. ಪೆನ್ಸಿಲ್ ಚೂಪು ಮಾಡುತ್ತಾರೆ, ರಬ್ಬರ್ ಕೇಳುತ್ತಾರೆ, ಪಕ್ಕದವರ ಪುಸ್ತಕದ ಕಡೆ ಕಣ್ಣು ಹಾಯಿಸುತ್ತಾರೆ. ಹತ್ತು ನಿಮಿಷವಾದರೂ ಎರಡನೆಯ ವಾಕ್ಯ ಬಂದಿರುವುದಿಲ್ಲ. ಮೊದಲನೆಯ ವಾಕ್ಯವಂತೂ ಬಹುತೇಕ ಎಲ್ಲರ ಪುಸ್ತಕದಲ್ಲೂ ಒಂದೇ: ‘ನನ್ನ ಮೆಚ್ಚಿನ ಹಬ್ಬ ದೀಪಾವಳಿ.’ ಅಷ್ಟರಲ್ಲಿ ವೀಕ್ಷಣಾ ನಮೂನೆಯಲ್ಲಿ ‘ತರಗತಿ ಶಿಸ್ತು: ಉತ್ತಮ’ ಎಂದು ನಮೂದಾಗಿರುತ್ತದೆ. ನಿಶ್ಶಬ್ದಕ್ಕೆ ನಮ್ಮ ನಮೂನೆಗಳಲ್ಲಿ ಇರುವಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ.

ಬಾಯಿಂದ ಕೈಗೆ ಬರುವ ದಾರಿ

ನಮ್ಮ ಅಭ್ಯಾಸ ಶಾಲೆಯೊಂದರ ಏಳನೆಯ ತರಗತಿಯಲ್ಲಿ ‘ನಮ್ಮ ಮನೆಯ ಪ್ರಾಣಿ’ ಎಂಬ ವಿಷಯ ಕೊಡಲಾಗಿತ್ತು. ಅವಧಿ ಶುರುವಾಗುವ ಮುನ್ನ ಒಬ್ಬ ಹುಡುಗ ಪ್ರಶಿಕ್ಷಣಾರ್ಥಿಯ ಹತ್ತಿರ ಬಂದು ತಾನಾಗಿಯೇ ಹೇಳಿದ್ದು ಹೀಗೆ: ‘ಮಿಸ್, ಮೊನ್ನೆ ರಾತ್ರಿ ನಮ್ ಮೇಕೆ ಎಲ್ಡು ಮರಿ ಆಕ್ತು. ಒಂದು ಉಸ್ರೇ ಆಡ್ನಿಲ್ಲ. ನಮ್ಮಜ್ಜಿ ಅದರ ಮೂಗಿಗೆ ಬಾಯಿಟ್ಟು ಊದ್ತು. ಆಮೇಲೆ ಗೋಣಿಚೀಲ ಸುತ್ತಿ ಒಲೆ ಮುಂದೆ ಮಡಗ್ತು. ಬೆಳಗಾಗೋಗಂಟ ನಾನೂ ಅಜ್ಜಿನೂ ಮಲಗ್ಲೇ ಇಲ್ಲ. ಕೋಳಿ ಕೂಗೋ ಹೊತ್ಗೆ ಅದು ಮ್ಯಾ ಅಂತು ಮಿಸ್!’

ಅರ್ಧ ಗಂಟೆಯ ನಂತರ ಅದೇ ಹುಡುಗನ ಪುಸ್ತಕದಲ್ಲಿ ಇದ್ದದ್ದು: ‘ನಮ್ಮ ಮನೆಯಲ್ಲಿ ಮೇಕೆ ಇದೆ. ಮೇಕೆಯು ಸಾಕುಪ್ರಾಣಿ. ಮೇಕೆಗೆ ನಾಲ್ಕು ಕಾಲುಗಳಿವೆ. ಮೇಕೆಯು ನಮಗೆ ಹಾಲನ್ನು ಕೊಡುತ್ತದೆ.’ ಅಲ್ಲಿಗೆ ನಿಂತಿತು.

ಈ ಹುಡುಗನಿಗೆ ಸೃಜನಶೀಲತೆ ಕಡಿಮೆ ಎನ್ನಲಾದೀತೆ? ಘಟನೆ, ಪಾತ್ರ, ಆತಂಕ, ಕೊನೆಗೆ ಸಿಕ್ಕ ನೆಮ್ಮದಿ, ಕತೆಗೆ ಬೇಕಾದ್ದೆಲ್ಲ ಅವನ ಬಾಯಲ್ಲಿತ್ತು. ಬಾಯಿಂದ ಕೈಗೆ ಬರುವ ದಾರಿಯಲ್ಲಿ ಅದೆಲ್ಲ ಉದುರಿಹೋಯಿತು.

ಮಾತನಾಡುವಾಗ ಎದುರಿಗೆ ಕೇಳುವವರು ಇರುತ್ತಾರೆ. ಅವರ ಕಣ್ಣರಳಿದರೆ ನಾವು ಹುರುಪಿನಿಂದ ಮುಂದುವರಿಯುತ್ತೇವೆ, ಮುಖ ಗಂಟಿಕ್ಕಿದರೆ ಬಿಡಿಸಿ ಹೇಳುತ್ತೇವೆ. ‘ಆಮೇಲೆ?’ ಎಂದು ಅವರು ಕೇಳುವ ಒಂದು ಮಾತು ನಮ್ಮ ಮುಂದಿನ ವಾಕ್ಯವನ್ನು ಎಳೆದು ತರುತ್ತದೆ. ಹಾಳೆ ‘ಆಮೇಲೆ?’ ಎಂದು ಕೇಳುವುದಿಲ್ಲ. ಇದರ ಜೊತೆಗೆ ಬರೆಯುವ ಮಗು ಹಲವು ಕೆಲಸಗಳನ್ನು ಏಕಕಾಲದಲ್ಲಿ ಮಾಡಬೇಕು. ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ನಿರ್ಧರಿಸಬೇಕು. ಮನೆಮಾತನ್ನು ಪುಸ್ತಕದ ಮಾತಿಗೆ ತಿರುಗಿಸಬೇಕು: ‘ಮಡಗ್ತು’ ಎಂಬುದನ್ನು ‘ಇಟ್ಟರು’ ಎಂದು, ‘ಬೆಳಗಾಗೋಗಂಟ’ ಎಂಬುದನ್ನು ‘ಬೆಳಗಾಗುವವರೆಗೆ’ ಎಂದು. ‘ಆಕ್ತು’ ಎಂದೇ ಕೇಳಿ ಬೆಳೆದ ಕಿವಿ ‘ಹಾಕಿತು’ ಎಂದು ಬರೆಯಲು ಹಕಾರವನ್ನು ನೆನಪಿನಿಂದ ತರಬೇಕು. ‘ಉಸಿರು’ ಎಂಬಲ್ಲಿ ಯಾವ ಸಕಾರ, ‘ಸುತ್ತಿ’ಯಲ್ಲಿ ಒತ್ತು ಎಲ್ಲಿ ಎಂದು ಯೋಚಿಸಬೇಕು. ಅಕ್ಷರ ದುಂಡಗಿರಬೇಕು, ಸಾಲು ವಾಲಬಾರದು. ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಎಂಬ ಸಂಶೋಧಕರು ಬರೆಯುವವರಿಗೆ ತಮಗೆ ತೋಚಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಬರೆಯಲು ತಿಳಿಸಿ ಅಧ್ಯಯನ ಮಾಡಿ 1981ರಲ್ಲಿ ವಿವರಿಸಿದ್ದೂ ಇದನ್ನೇ: ಯೋಜಿಸುವುದು, ಭಾಷೆಗೆ ಇಳಿಸುವುದು, ತಿದ್ದುವುದು ಒಂದಾದ ಮೇಲೊಂದು ಸಾಲಾಗಿ ನಡೆಯುವುದಿಲ್ಲ, ಒಂದರೊಳಗೆ ಒಂದು ನುಗ್ಗುತ್ತಿರುತ್ತವೆ. ದೊಡ್ಡವರಿಗೆ ಅಕ್ಷರ, ಒತ್ತು, ಕಾಗುಣಿತ ಕೈಗೆ ಹತ್ತಿರುವುದರಿಂದ ಗಮನ ವಿಷಯದ ಕಡೆ ಉಳಿಯುತ್ತದೆ. ಮಗುವಿಗೆ ಆ ಅನುಕೂಲವಿಲ್ಲ.

ಹೀಗಿರುವಾಗ ಮಗು ಏನು ಮಾಡುತ್ತದೆ? ತನಗೆ ಬರೆಯಲು ಬರುವುದನ್ನು ಮಾತ್ರ ಬರೆಯುತ್ತದೆ. ‘ಮೇಕೆಗೆ ನಾಲ್ಕು ಕಾಲುಗಳಿವೆ’ ಎಂಬುದು ಸೋಮಾರಿಯ ವಾಕ್ಯವಲ್ಲ, ಜಾಣ ವಾಕ್ಯ. ಅದರಲ್ಲಿ ತಪ್ಪು ಹುಡುಕಲು ಯಾವ ಶಿಕ್ಷಕರಿಗೂ ಆಗದು. ಕೆಂಪು ಶಾಯಿ ಬೀಳದ ವಾಕ್ಯಗಳ ಒಂದು ಸಣ್ಣ ಸಂಗ್ರಹವನ್ನು ಮಕ್ಕಳು ಮೂರು ನಾಲ್ಕನೆಯ ತರಗತಿಯಿಂದಲೇ ಕೂಡಿಡುತ್ತಾರೆ. ಆ ಸಂಗ್ರಹ ಮುಗಿದಲ್ಲಿ ಬರವಣಿಗೆಯೂ ನಿಲ್ಲುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ಕೊಂಕಣಿ ಆಡುವ ಮಕ್ಕಳಿಗೆ ಈ ಸಂಗ್ರಹ ಇನ್ನೂ ಚಿಕ್ಕದಾಗಿರುತ್ತದೆ. ಅವರಲ್ಲಿ ಕೆಲವರು ಮನೆಮಾತಿನಿಂದ ಆಡುಗನ್ನಡಕ್ಕೆ, ಅಲ್ಲಿಂದ ಪುಸ್ತಕದ ಕನ್ನಡಕ್ಕೆ ಎರಡು ಹೊಳೆ ದಾಟಿ ಬರಬೇಕು.

ಆದ್ದರಿಂದ ‘ಬರೆಯುವುದಿಲ್ಲ’ ಎಂದು ಬರೆದುಕೊಳ್ಳುವ ಮೊದಲು ಆ ಮಗುವನ್ನು ಪಕ್ಕಕ್ಕೆ ಕರೆದು ‘ಬರೆಯುವುದು ಬೇಡ, ಹೇಳು’ ಎನ್ನಿ. ಸಲೀಸಾಗಿ ಹೇಳಿದರೆ ವಿಷಯಕ್ಕೆ ಕೊರತೆಯಿಲ್ಲ, ಬರವಣಿಗೆಯ ಹೊರೆ ಹೆಚ್ಚಾಗಿದೆ ಎಂದರ್ಥ. ಆಗ ಅದು ಹೇಳುತ್ತಿರುವಂತೆ ನೀವು ಬರೆದುಕೊಂಡು, ಅದರ ಮಾತುಗಳನ್ನು ಅದಕ್ಕೇ ಓದಿ ತೋರಿಸಿ. ತನ್ನ ಬಾಯಿಮಾತು ಹಾಳೆಯ ಮೇಲೆ ನಿಂತಿರುವುದನ್ನು ಮೊದಲ ಸಲ ಕಂಡ ಮಗುವಿನ ಮುಖವನ್ನು ಪ್ರಶಿಕ್ಷಣಾರ್ಥಿಗಳು ನೋಡಬೇಕು. ಹೇಳಲೂ ಆಗದಿದ್ದರೆ ವಿಷಯವೇ ಅದಕ್ಕೆ ದೂರದ್ದಾಗಿರಬಹುದು, ಇಲ್ಲವೇ ಕೇಳುತ್ತಿರುವ ನೀವು ಇನ್ನೂ ಅಪರಿಚಿತರಾಗಿರಬಹುದು. ಹೇಳಬಲ್ಲ ಮಗು ನೋಡಿಕೊಂಡು ನಕಲು ಮಾಡಲೂ ತಡವರಿಸಿದರೆ ತೊಂದರೆ ಅಕ್ಷರದ ಮಟ್ಟದಲ್ಲಿದೆ. ಅಂಥ ಮಗುವಿಗೆ ಪ್ರಬಂಧದ ಉಪಾಯಗಳಿಂದ ಉಪಯೋಗವಿಲ್ಲ, ಅಕ್ಷರದ ಕೆಲಸವೇ ಆಗಬೇಕು. ಈ ಮೂರು ಬಗೆಯವರನ್ನೂ ಒಂದೇ ಹಣೆಪಟ್ಟಿಯಲ್ಲಿ ‘ಬರವಣಿಗೆಯಲ್ಲಿ ಹಿಂದೆ’ ಎಂದು ಸೇರಿಸಿಬಿಟ್ಟರೆ, ಆ ಹಣೆಪಟ್ಟಿಯನ್ನು ನಂಬುವವರಲ್ಲಿ ಮಗುವೇ ಮೊದಲನೆಯದು.

ನಿಯಮಗಳೇ ಬೇಲಿಯಾದಾಗ

ಬರೆಯಲು ಬಲ್ಲವರೂ ಏಕೆ ಕೂತುಬಿಡುತ್ತಾರೆ ಎಂಬುದು ಇನ್ನೊಂದು ಪ್ರಶ್ನೆ. ಅಮೆರಿಕದ ಮೈಕ್ ರೋಸ್ ಎಂಬ ಶಿಕ್ಷಣ ತಜ್ಞರು 1980ರಲ್ಲಿ ಇದರ ಬಗ್ಗೆ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಅವರು ನೋಡಿದ್ದು ಹತ್ತು ಜನ ಕಾಲೇಜು ವಿದ್ಯಾರ್ಥಿಗಳನ್ನು. ಐವರು ಬರೆಯಲಾಗದೆ ಒದ್ದಾಡುವವರು, ಐವರು ಸರಾಗವಾಗಿ ಬರೆಯುವವರು. ಒದ್ದಾಡುವವರಿಗೆ ಬುದ್ಧಿ ಕಡಿಮೆ ಇರಲಿಲ್ಲ. ಅವರ ತೊಂದರೆ ಬರವಣಿಗೆಯ ನಿಯಮಗಳು ಅವರ ಮನಸ್ಸಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದವು ಎಂಬುದು. ಮೊದಲ ವಾಕ್ಯವೇ ಓದುಗರನ್ನು ಹಿಡಿದು ನಿಲ್ಲಿಸಬೇಕು ಎಂದು ಕಲಿತವರು ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದಿದ್ದರು; ಪೂರ್ತಿ ರೂಪುರೇಷೆ ಸಿದ್ಧವಾಗದೆ ಬರೆಯಬಾರದು ಎಂದುಕೊಂಡವರು ರೂಪುರೇಷೆಯಲ್ಲೇ ದಿನ ಕಳೆದಿದ್ದರು. ಸರಾಗವಾಗಿ ಬರೆಯುವವರಿಗೂ ನಿಯಮಗಳಿದ್ದವು, ಆದರೆ ಒಂದು ನಿಯಮ ಕೆಲಸ ಮಾಡದಿದ್ದರೆ ಅವರು ಅದನ್ನು ಪಕ್ಕಕ್ಕಿಡಬಲ್ಲವರಾಗಿದ್ದರು. ಅಂದಹಾಗೆ, ರೋಸ್ ಅವರೇ ಶಾಲೆಯಲ್ಲಿದ್ದಾಗ ಬೇರೊಬ್ಬ ವಿದ್ಯಾರ್ಥಿಯ ಅಂಕಗಳೊಂದಿಗೆ ತಮ್ಮ ಅಂಕಗಳು ಅದಲುಬದಲಾದ ಕಾರಣಕ್ಕೆ ಎರಡು ವರ್ಷ ಓದಿನಲ್ಲಿ ಹಿಂದುಳಿದವರ ವಿಭಾಗದಲ್ಲಿ ಕೂತವರು. ಹಣೆಪಟ್ಟಿಯ ಭಾರ ಎಷ್ಟೆಂದು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ನಮ್ಮ ಮಕ್ಕಳ ಮನಸ್ಸಿನಲ್ಲಿರುವ ನಿಯಮಗಳನ್ನು ತಿಳಿಯಲು ಎಂಟನೆಯ ತರಗತಿಯೊಂದರಲ್ಲಿ ‘ಒಳ್ಳೆಯ ಪ್ರಬಂಧ ಎಂದರೆ ಹೇಗಿರಬೇಕು?’ ಎಂದು ಕೇಳಿ ನೋಡಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಇರಬೇಕು ಎನ್ನುತ್ತಾರೆ. ಚಿತ್ತು ಇರಬಾರದು. ಅಕ್ಷರ ಚೆನ್ನಾಗಿರಬೇಕು. ಗಾದೆ ವಿಸ್ತರಣೆಯಾದರೆ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದೇ ಶುರು ಮಾಡಬೇಕು. ಉಪಯೋಗಗಳು ಎಷ್ಟು, ಅನನುಕೂಲಗಳು ಎಷ್ಟು ಎಂದು ಅಂಶಗಳಲ್ಲಿ ಬರೆಯಬೇಕು. ‘ಓದಿದವರಿಗೆ ಇಷ್ಟವಾಗಬೇಕು’ ಎಂದು ಹೇಳಿದ ಮಗು ನನಗೆ ಅಪರೂಪಕ್ಕೆ ಸಿಕ್ಕಿದೆ.

ಪೀಠಿಕೆಯ ನಿಯಮವನ್ನೇ ನೋಡಿ. ಏನು ಬರೆಯುತ್ತೇನೆ ಎಂದು ಬರೆಯುವವರಿಗೇ ಇನ್ನೂ ಗೊತ್ತಿಲ್ಲದಿರುವಾಗ ಅದಕ್ಕೆ ಪೀಠಿಕೆ ಹಾಕಲು ಹೇಳುವುದು, ಅಡುಗೆ ಏನೆಂದು ತಿಳಿಯದೆ ಎಲೆಯ ಮೇಲೆ ಉಪ್ಪು ಬಡಿಸಿದ ಹಾಗೆ. ಮೇಕೆಯ ಹುಡುಗನಿಗೆ ಬೇಕಾದದ್ದು ‘ಒಂದು ಮರಿ ಉಸಿರಾಡಲಿಲ್ಲ’ ಎಂಬ ವಾಕ್ಯದಿಂದ ಶುರು ಮಾಡುವ ಅನುಮತಿ.

ಇನ್ನು ‘ಚಿತ್ತು ಇರಬಾರದು’ ಎಂಬ ನಿಯಮ. ಇದು ಕೇಳಲು ಶುಚಿತ್ವದ ಮಾತು, ಆದರೆ ಬರವಣಿಗೆಗೆ ಇದರಷ್ಟು ಹಾನಿ ಮಾಡಿದ್ದು ಬೇರೊಂದಿಲ್ಲ. ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ ಹೇಳಿಕೊಂಡಿರುವ ಹೆಚ್ಚುಗಾರಿಕೆಗಳು ನೆನಪಿವೆಯಲ್ಲ? ಹಲಗೆ ಬಳಪ ಹಿಡಿಯದಿರುವುದು, ಇಟ್ಟ ಪದವನ್ನು ಅಳಿಸದಿರುವುದು ಅವುಗಳಲ್ಲಿ ಸೇರಿವೆ. ನಾವು ಇದನ್ನು ಆತನ ಪ್ರತಿಭೆಗೆ ಸಾಕ್ಷಿಯಾಗಿ ಪಾಠ ಮಾಡುತ್ತೇವೆ, ಸರಿಯೇ. ಆದರೆ ಆ ಮಾತನ್ನು ಸ್ವಲ್ಪ ತಿರುಗಿಸಿ ನೋಡಿ. ಹಲಗೆ ಹಿಡಿಯದಿರುವುದು ಹೆಮ್ಮೆಪಡುವ ಸಂಗತಿಯಾಗಬೇಕಾದರೆ, ಉಳಿದ ಕವಿಗಳು ಹಲಗೆ ಹಿಡಿಯುತ್ತಿದ್ದಿರಬೇಕು. ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೆದು, ಸರಿ ಎನಿಸಿದ ಮೇಲೆ ಓಲೆಗೆ ಇಳಿಸುತ್ತಿದ್ದಿರಬೇಕು. ಕರಡು ಮಾಡಿಕೊಳ್ಳುವುದು ಹದಿನೈದನೆಯ ಶತಮಾನದ ಕವಿಗಳಿಗೂ ಸಾಮಾನ್ಯ ಸಂಗತಿಯಾಗಿತ್ತು ಎಂದು ಆ ಪದ್ಯದಿಂದ ನಾನು ತಿಳಿಯುತ್ತೇನೆ. ಮಹಾಕವಿಯೊಬ್ಬ ತನಗೆ ಮಾತ್ರ ಸಾಧ್ಯ ಎಂದು ಹೇಳಿಕೊಂಡದ್ದನ್ನು ನಾವು ಐದನೆಯ ತರಗತಿಯ ಎಲ್ಲ ಮಕ್ಕಳಿಂದಲೂ ನಲವತ್ತು ನಿಮಿಷದಲ್ಲಿ ನಿರೀಕ್ಷಿಸುತ್ತೇವೆ.

ನಲಿ-ಕಲಿ ತರಗತಿಗಳಲ್ಲಿ ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ ಇರುವುದನ್ನು ಎಲ್ಲರೂ ನೋಡಿದ್ದೀರಿ. ಒಂದರಿಂದ ಮೂರನೆಯ ತರಗತಿಯವರೆಗೆ ಮಗು ಅಲ್ಲಿ ಬರೆಯುತ್ತದೆ, ಅಂಗೈಯಿಂದ ಒರೆಸುತ್ತದೆ, ಮತ್ತೆ ಬರೆಯುತ್ತದೆ. ತಪ್ಪಿಗೆ ಅಲ್ಲಿ ಗುರುತು ಉಳಿಯುವುದಿಲ್ಲ. ನಾಲ್ಕನೆಯ ತರಗತಿಗೆ ಬಂದಾಗ ಆ ಹಲಗೆ ಹೋಗಿ ನೋಟ್‌ಪುಸ್ತಕವೊಂದೇ ಉಳಿಯುತ್ತದೆ. ಬರೆಯಲು ಹೆಚ್ಚು ಇರುವ ವಯಸ್ಸಿನಲ್ಲೇ ಅಳಿಸುವ ಜಾಗ ಇಲ್ಲವಾಗುತ್ತದೆ. ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಹಳೆಯ ನೋಟ್‌ಪುಸ್ತಕಗಳ ಉಳಿದ ಹಾಳೆಗಳನ್ನು ಹೊಲಿದು ಪ್ರತಿ ಮಗುವಿಗೂ ಒಂದು ‘ಕರಡು ಪುಸ್ತಕ’ ಮಾಡಿಕೊಡಿ. ಅದರ ಮೇಲೆ ಕೆಂಪು ಪೆನ್ನು ಬೀಳುವುದಿಲ್ಲ ಎಂದು ಮಾತು ಕೊಡಿ, ಆ ಮಾತನ್ನು ಉಳಿಸಿಕೊಳ್ಳಿ. ಮುಖ್ಯ ಶಿಕ್ಷಕರಿಗೂ ಮೊದಲೇ ತಿಳಿಸಿರಿ, ಇಲ್ಲದಿದ್ದರೆ ತಪಾಸಣೆಯ ದಿನ ‘ಇದನ್ನೇಕೆ ತಿದ್ದಿಲ್ಲ?’ ಎಂಬ ಪ್ರಶ್ನೆ ಬರುತ್ತದೆ.

ತರಗತಿಯಲ್ಲಿ ಮಾಡಿ ನೋಡಿದ್ದು

ವಿಷಯದಿಂದಲೇ ಶುರು ಮಾಡೋಣ. ‘ನನ್ನ ಮೆಚ್ಚಿನ ಹಬ್ಬ’, ‘ನಮ್ಮೂರ ಜಾತ್ರೆ’ ಎಂಬಂಥವು ತೀರ ಅಗಲವಾದ ವಿಷಯಗಳು. ಅಗಲವಾದಷ್ಟೂ ಬರೆಯುವುದು ಸುಲಭ ಎಂದು ಪ್ರಶಿಕ್ಷಣಾರ್ಥಿಗಳು ಭಾವಿಸುತ್ತಾರೆ. ಅನುಭವ ಇದಕ್ಕೆ ವಿರುದ್ಧವಾಗಿದೆ. ಜಾತ್ರೆ ಎಂದಾಗ ಮಗುವಿನ ಮನಸ್ಸಿಗೆ ಬರುವುದು ಪಠ್ಯಪುಸ್ತಕದ ಜಾತ್ರೆ: ತೇರು, ಅಂಗಡಿಗಳು, ಜನಜಂಗುಳಿ. ‘ಜಾತ್ರೆಯಲ್ಲಿ ಕೊಳ್ಳಬೇಕೆಂದು ಆಸೆಪಟ್ಟು ಕೊಳ್ಳದೆ ಬಂದ ಒಂದು ವಸ್ತು’ ಎಂದಾಗ ಬರುವುದು ಅದರ ಸ್ವಂತ ಜಾತ್ರೆ. ಹಬ್ಬವಾದರೆ ‘ಹಬ್ಬದ ಹಿಂದಿನ ದಿನ ನಿಮ್ಮ ಮನೆಯಲ್ಲಿ ಯಾರು ಯಾರ ಮೇಲೆ ಸಿಟ್ಟಾದರು?’ ಎಂದು ಕೇಳಬಹುದು. ಈ ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿಲ್ಲ, ಪಕ್ಕದವರ ಪುಸ್ತಕದಲ್ಲೂ ಇಲ್ಲ. ಒಂದು ಎಚ್ಚರಿಕೆ: ಮನೆಯ ನೋವು, ಬಡತನ, ಜಗಳಗಳನ್ನು ಎಲ್ಲರೆದುರು ಹೇಳಲೇಬೇಕಾದ ಸ್ಥಿತಿಗೆ ಯಾವ ಮಗುವನ್ನೂ ದೂಡಬಾರದು. ಎರಡು ಮೂರು ಪ್ರಶ್ನೆ ಕೊಟ್ಟು ಆಯ್ಕೆಯನ್ನು ಮಕ್ಕಳಿಗೇ ಬಿಡುವುದು ಕ್ಷೇಮ.

ಎರಡನೆಯದು ಮಾತು. ಬರೆಯುವ ಮೊದಲು ಜೋಡಿಯಾಗಿ ಕೂತು ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕೇಳುವವರಿಗೆ ಎರಡೇ ಮಾತು ಆಡಲು ಅವಕಾಶ: ‘ಆಮೇಲೆ?’ ಮತ್ತು ‘ಹೇಗಿತ್ತು?’ ಮೂರು ನಿಮಿಷವಾದ ಮೇಲೆ ಅದಲುಬದಲು. ಗದ್ದಲವಾಗುತ್ತದೆ. ಆಗಲಿ. ಪಕ್ಕದ ಕೊಠಡಿಯವರಿಗೆ ಮೊದಲೇ ಹೇಳಿಟ್ಟರೆ ಸಾಕು. ಮೇಕೆಯ ಹುಡುಗನ ತರಗತಿಯಲ್ಲಿ ಮರುವಾರ ಇದನ್ನೇ ಮಾಡಿದೆವು. ಈ ಸಲ ಅವನು ಪೆನ್ನು ಹಿಡಿದು ಕೂತವನು ಸ್ವಲ್ಪ ಹೊತ್ತಿಗೆ ತಲೆಯೆತ್ತಿ ಕೇಳಿದ: ‘ಮಿಸ್, ಮಡಗ್ತು ಅಂತ ಬರೀಬೋದಾ?’

ಈ ಪ್ರಶ್ನೆಗೆ ಶಿಕ್ಷಕರು ಕೊಡುವ ಉತ್ತರದ ಮೇಲೆ ಬಹಳಷ್ಟು ನಿಂತಿದೆ. ‘ಬೇಡ, ಇಟ್ಟರು ಅಂತ ಬರಿ’ ಎಂದರೆ ಹುಡುಗ ಮತ್ತೆ ನಾಲ್ಕು ಕಾಲಿನ ಮೇಕೆಗೆ ಹೋಗುತ್ತಾನೆ. ನಮ್ಮ ಪ್ರಶಿಕ್ಷಣಾರ್ಥಿ ಹೇಳಿದ್ದು, ‘ಕರಡಿನಲ್ಲಿ ನಿನಗೆ ಬಂದ ಹಾಗೇ ಬರಿ. ಆಮೇಲೆ ಯಾವುದನ್ನು ಬದಲಾಯಿಸಬೇಕು ಅಂತ ಇಬ್ಬರೂ ನೋಡೋಣ.’ ಕೊನೆಯಲ್ಲಿ ಅಜ್ಜಿಯ ಮಾತುಗಳು ಮನೆಮಾತಿನಲ್ಲೇ ಉಳಿದವು, ಅವನ ನಿರೂಪಣೆ ಪುಸ್ತಕದ ಕನ್ನಡಕ್ಕೆ ತಿರುಗಿತು. ಕಾದಂಬರಿಕಾರರು ಮಾಡುವುದೂ ಇದನ್ನೇ ಅಲ್ಲವೆ? ಪ್ರಮಾಣ ಭಾಷೆ ಮಗುವಿಗೆ ಬೇಕೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ತಿದ್ದುವ ಹಂತದ ಕೆಲಸ.

ಮೂರನೆಯದನ್ನು ನಮ್ಮ ಕಾಲೇಜಿನಲ್ಲಿ ‘ಒದ್ದೆಬಟ್ಟೆ ಬರಹ’ ಎಂದು ಕರೆಯುತ್ತೇವೆ. ಕುಮಾರವ್ಯಾಸನು ಗದುಗಿನ ವೀರನಾರಾಯಣನ ಗುಡಿಯಲ್ಲಿ ಸ್ನಾನ ಮಾಡಿ ಒದ್ದೆಬಟ್ಟೆಯಲ್ಲಿ ಕೂತು, ಅದು ಆರುವವರೆಗೆ ಮಾತ್ರ ಕಾವ್ಯ ರಚಿಸುತ್ತಿದ್ದ ಎಂಬ ಐತಿಹ್ಯದಿಂದ ಪ್ರಶಿಕ್ಷಣಾರ್ಥಿಗಳೇ ತೆಗೆದುಕೊಂಡ ಹೆಸರು ಅದು. ವಿಧಾನ ಮಾತ್ರ ಅಮೆರಿಕದ ಪೀಟರ್ ಎಲ್ಬೋ ಅವರದು. ಸ್ನಾತಕೋತ್ತರ ಅಧ್ಯಯನಕ್ಕೆ ಸೇರಿ, ಪ್ರಬಂಧಗಳನ್ನು ಬರೆಯಲಾಗದೆ ಒಮ್ಮೆ ಓದನ್ನೇ ಬಿಟ್ಟು ಹೊರಬಂದವರು ಅವರು. 1973ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಮುಕ್ತ ಬರವಣಿಗೆಯ ಕ್ರಮವಿದೆ: ಗೊತ್ತುಪಡಿಸಿದ ಹೊತ್ತು ಕೈ ನಿಲ್ಲಿಸದೆ ಬರೆಯಬೇಕು, ಹಿಂದಕ್ಕೆ ಹೋಗಿ ಓದಬಾರದು, ತಿದ್ದಬಾರದು. ಏನೂ ತೋಚದಿದ್ದರೆ ತೋಚುತ್ತಿಲ್ಲ ಎಂದೇ ಬರೆಯುತ್ತಿರಬೇಕು. ಅವರು ದೊಡ್ಡವರಿಗೆ ಹತ್ತು ನಿಮಿಷ ಎಂದರು. ನಮ್ಮ ಆರು ಏಳನೆಯ ತರಗತಿಗಳಿಗೆ ಐದು ನಿಮಿಷ ಸಾಕು. ಒತ್ತಕ್ಷರ ಬರೆಯುವಷ್ಟರಲ್ಲಿ ಕೈ ಸೋಲುತ್ತದೆ. ಕಾಗುಣಿತ ಅನುಮಾನವಾದ ಪದವನ್ನು ಕೇಳಿದ ಹಾಗೆ ಬರೆದು ಕೆಳಗೊಂದು ಗೆರೆ ಹಾಕಿ ಮುಂದೆ ಹೋಗಬೇಕು. ಈ ಹಾಳೆಯನ್ನು ಶಿಕ್ಷಕರು ಕೇಳಿ ಪಡೆಯುವಂತಿಲ್ಲ.

ಮೊದಲ ಎರಡು ಸಲ ಅರ್ಧ ತರಗತಿ ‘ಏನೂ ಹೊಳೀತಿಲ್ಲ ಏನೂ ಹೊಳೀತಿಲ್ಲ’ ಎಂದು ಬರೆದು ಕಿಸಕ್ಕನೆ ನಗುತ್ತದೆ. ಅಲ್ಲಿಗೆ ಬಿಟ್ಟುಬಿಡುವವರೇ ಹೆಚ್ಚು. ಬಿಡಬೇಡಿ. ನಾಲ್ಕನೆಯ ಸಲದ ಹೊತ್ತಿಗೆ ಆ ವಾಕ್ಯ ಮಕ್ಕಳಿಗೇ ಬೇಸರವಾಗಿ ಬೇರೆ ಏನೋ ಬರತೊಡಗುತ್ತದೆ. ಐದು ನಿಮಿಷವಾದ ಮೇಲೆ ಬರೆದುದನ್ನು ತಾವೇ ಓದಿಕೊಂಡು ಇಷ್ಟವಾದ ಒಂದು ಸಾಲಿನ ಕೆಳಗೆ ಗೆರೆ ಎಳೆಯಲಿ. ಹೊಸ ಹಾಳೆಯಲ್ಲಿ ಆ ಸಾಲಿನಿಂದ ಪ್ರಬಂಧ ಶುರು. ಹೀಗೆ ಮೊದಲ ವಾಕ್ಯದ ಭಯ ತಾನಾಗಿ ತಪ್ಪುತ್ತದೆ, ಏಕೆಂದರೆ ಅದು ಆಗಲೇ ಬರೆದಾಗಿದೆ. ಅಕ್ಷರದಲ್ಲೇ ತೊಡಕಿರುವ ಮಕ್ಕಳನ್ನು ಇದಕ್ಕೆ ಒತ್ತಾಯಿಸಬಾರದು. ಅವರು ಹೇಳಲಿ, ನೀವು ಬರೆದುಕೊಳ್ಳಿ.

ಇನ್ನೊಂದು ಉಪಾಯ ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೊದಾರಿ ಅವರದು. ಯೌವನದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ಅವರು, ಕತೆ ಕಟ್ಟುವ ಬಗೆಯನ್ನು ಕುರಿತು ಶಿಕ್ಷಕರೊಂದಿಗೆ ನಡೆಸಿದ ಮಾತುಕತೆಯಿಂದ 1973ರಲ್ಲಿ ಒಂದು ಪುಸ್ತಕ ಮಾಡಿದರು. ಅದರ ಹೆಸರನ್ನು ಕನ್ನಡದಲ್ಲಿ ‘ಕಲ್ಪನೆಯ ವ್ಯಾಕರಣ’ ಎನ್ನಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮನಸ್ಸು ಸುಮ್ಮನೆ ಕೂರಲಾರದು ಎಂಬುದು ಅವರ ಮಾತಿನ ಸಾರ. ಅವರ ಉದಾಹರಣೆ ನಾಯಿ ಮತ್ತು ಬೀರು. ಇಟಾಲಿಯನ್ ಭಾಷೆಯಲ್ಲಿ ಈ ಎರಡನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಲು ಸಣ್ಣ ಸಣ್ಣ ಪದಗಳಿವೆ. ನಮ್ಮಲ್ಲಿ ಆ ಕೆಲಸವನ್ನು ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ: ನಾಯಿಯ ಬೀರು, ನಾಯಿಗೊಂದು ಬೀರು, ಬೀರುವಿನಲ್ಲಿ ನಾಯಿ, ಬೀರುವಿನಿಂದ ನಾಯಿ. ಪ್ರತಿಯೊಂದೂ ಬೇರೆಯೇ ಕತೆ. ವಿಭಕ್ತಿಯನ್ನು ಕೋಷ್ಟಕದಲ್ಲಿ ಉರುಹಚ್ಚಿಸುವ ನಮಗೆ ಇದು ಒಲಿದು ಬಂದ ಅವಕಾಶ. ಪ್ರತ್ಯಯ ಬದಲಾದರೆ ಲೋಕವೇ ಬದಲಾಗುತ್ತದೆ ಎಂದು ಮಗು ಇಲ್ಲಿ ಆಟವಾಡುತ್ತಲೇ ಕಾಣುತ್ತದೆ.

ಆರನೆಯ ತರಗತಿಯಲ್ಲಿ ಚೀಟಿ ಎತ್ತಿದಾಗ ಒಂದು ಗುಂಪಿಗೆ ‘ಒರಳುಕಲ್ಲು’ ಮತ್ತು ‘ಬಸ್ಸು’ ಬಂದವು. ಮಕ್ಕಳು ‘ಬಸ್ಸಿನಲ್ಲಿ ಒರಳುಕಲ್ಲು’ ಎಂಬುದನ್ನು ಆರಿಸಿಕೊಂಡರು. ಮಗನ ಮನೆಗೆ ಬೆಂಗಳೂರಿಗೆ ಹೊರಟ ಅಜ್ಜಿಯೊಬ್ಬಳು ಒರಳುಕಲ್ಲನ್ನು ಬಿಟ್ಟಿರಲಾರದೆ ಬಸ್ಸಿಗೆ ಹತ್ತಿಸುತ್ತಾಳೆ. ಅಜ್ಜಿಗೆ ಟಿಕೆಟ್ ಇಲ್ಲ, ಹೆಂಗಸರಿಗೆ ಪ್ರಯಾಣ ಉಚಿತ. ಒರಳುಕಲ್ಲಿಗೆ ಲಗೇಜ್ ಟಿಕೆಟ್ ಬೇಕೆಂದು ಕಂಡಕ್ಟರ್ಹಟ ಹಿಡಿಯುತ್ತಾನೆ. ‘ಅದೂ ಹೆಂಗಸೇ ಕಣಪ್ಪಾ, ನನಗಿಂತ ದೊಡ್ಡೋಳು’ ಎನ್ನುತ್ತಾಳೆ ಅಜ್ಜಿ. ಗೈಡು ನೋಡಿ ಬರೆಯುವವರು ಎಂದು ನಾವು ಬೈದುಕೊಳ್ಳುವ ಮಕ್ಕಳೇ ಇದನ್ನು ಬರೆದದ್ದು. ಪದಗಳನ್ನು ಆರಿಸುವಾಗ ಮಾತ್ರ ಎಚ್ಚರ ಬೇಕು. ‘ಹಸು’ ಮತ್ತು ‘ಹಾಲು’ ಕೊಟ್ಟರೆ ಸಿಗುವುದು ಮತ್ತೆ ಸಾಕುಪ್ರಾಣಿಯೇ.

ತಿದ್ದುವ ಪೆನ್ನು

ನಲವತ್ತೈದು ಪುಸ್ತಕ ತಿದ್ದುವ ಶಿಕ್ಷಕರ ಕಷ್ಟ ನನಗೆ ಗೊತ್ತು. ಕಣ್ಣಿಗೆ ಮೊದಲು ಬೀಳುವುದು ಕಾಗುಣಿತ, ಹಾಗಾಗಿ ಅದನ್ನೇ ಸುತ್ತು ಹಾಕುತ್ತ ಹೋಗುತ್ತೇವೆ. ಪುಟ ತುಂಬ ಕೆಂಪಾಗಿ ಬಂದ ಮಗು ಅದರಲ್ಲಿ ಒಂದನ್ನೂ ಕಲಿಯುವುದಿಲ್ಲ, ಮುಂದಿನ ಸಲ ಕಡಿಮೆ ಬರೆಯುವುದನ್ನು ಮಾತ್ರ ಕಲಿಯುತ್ತದೆ. ನಾನು ಪ್ರಶಿಕ್ಷಣಾರ್ಥಿಗಳಿಗೆ ಹೇಳುವುದು ಇಷ್ಟು. ಮೊದಲ ಓದಿನಲ್ಲಿ ಪೆನ್ನನ್ನು ಕೆಳಗಿಟ್ಟು ಓದಿ. ಓದುಗರಾಗಿ ನಿಮಗೆ ಬಂದ ಒಂದು ಪ್ರಶ್ನೆಯನ್ನು ಪುಟದ ಕೆಳಗೆ ಬರೆಯಿರಿ: ‘ಮರಿಗೆ ಏನು ಹೆಸರಿಟ್ಟಿರಿ?’ ಮಗು ಅದಕ್ಕೆ ಉತ್ತರ ಸೇರಿಸಲಿ. ಎರಡನೆಯ ಓದಿನಲ್ಲಿ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ; ಈ ವಾರ ಹಕಾರ, ಮುಂದಿನ ವಾರ ಒತ್ತು. ಉಳಿದವನ್ನು ಕಂಡೂ ಕಾಣದಂತಿರುವುದು ಶಿಕ್ಷಕರಿಗೆ ಬಹಳ ಕಷ್ಟದ ಕೆಲಸ, ಅಭ್ಯಾಸ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಪ್ರಶಿಕ್ಷಣಾರ್ಥಿಗಳ ಬರವಣಿಗೆಯ ಕಡೆಗೂ ನೋಡಬೇಕು. ಎರಡು ವರ್ಷದ ಬಿ.ಇಡಿ.ಯಲ್ಲಿ ಇಪ್ಪತ್ತು ವಾರ ಶಾಲೆಯಲ್ಲಿರಬೇಕು, ದಿನಚರಿ ಬರೆಯಬೇಕು. ‘ಈ ದಿನದ ಪಾಠವು ಯಶಸ್ವಿಯಾಗಿ ನೆರವೇರಿತು. ವಿದ್ಯಾರ್ಥಿಗಳು ಸಕ್ರಿಯವಾಗಿ ಭಾಗವಹಿಸಿದರು’ ಎಂಬ ವಾಕ್ಯಗಳು ದಿನಚರಿಯಿಂದ ದಿನಚರಿಗೆ, ಹಿಂದಿನ ತಂಡದಿಂದ ಮುಂದಿನ ತಂಡಕ್ಕೆ ಹರಿದು ಬರುತ್ತಿವೆ. ಇವು ದೊಡ್ಡವರು ಬರೆದ ‘ಮೇಕೆಗೆ ನಾಲ್ಕು ಕಾಲುಗಳಿವೆ’. ಕಾರಣವೂ ಅದೇ: ಓದುವವರು ಅಂಕ ಕೊಡುವವರು, ತಪ್ಪಿಲ್ಲದ ವಾಕ್ಯವೇ ಕ್ಷೇಮ. ಹಾಗಾಗಿ ದಿನಚರಿಯ ವಿಷಯವನ್ನೂ ಕಿರಿದುಗೊಳಿಸಿದ್ದೇವೆ. ‘ಇಂದಿನ ಪಾಠದ ಪ್ರತಿಫಲನ’ ಎಂಬುದರ ಬದಲು ‘ಇಂದು ಒಂದು ಮಗು ಹೇಳಿದ, ನೀವು ನಿರೀಕ್ಷಿಸಿರದ ಒಂದು ಮಾತು ಮತ್ತು ಅದಕ್ಕೆ ನೀವು ಹೇಳಿದ್ದು’ ಎಂದು ಕೇಳುತ್ತೇವೆ. ‘ಮಡಗ್ತು’ ಪ್ರಸಂಗ ನನಗೆ ವಿವರವಾಗಿ ಸಿಕ್ಕಿದ್ದು ಅಂಥದೊಂದು ದಿನಚರಿಯ ಪುಟದಲ್ಲಿ.

ಮಕ್ಕಳು ಬರೆಯುವಾಗ ಪ್ರಶಿಕ್ಷಣಾರ್ಥಿಯೂ ಕಪ್ಪುಹಲಗೆಯ ಮೇಲೆ ಬರೆಯಬೇಕು ಎಂಬುದು ನಮ್ಮಲ್ಲಿ ಈಗ ರೂಢಿ. ಮನೆಯಲ್ಲಿ ತಯಾರಿಸಿ ತಂದದ್ದಲ್ಲ, ಅಲ್ಲೇ ಯೋಚಿಸಿ ಬರೆಯುವುದು. ಒಂದು ಪದ ಹಾಕಿ, ಹೊಡೆದು, ಇನ್ನೊಂದು ಹಾಕುವುದು. ಶಿಕ್ಷಕರೂ ತಡವರಿಸುತ್ತಾರೆ ಎಂಬುದನ್ನು ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಇದಕ್ಕೆ ಧೈರ್ಯ ಬೇಕು ಎಂದು ಹಲವರು ಹೇಳಿದ್ದಾರೆ. ನಿಜ, ಮಕ್ಕಳಿಂದ ನಾವು ಕೇಳುತ್ತಿರುವ ಧೈರ್ಯವೇ ಅದು.

ಪರೀಕ್ಷೆಯ ಪ್ರಶ್ನೆಯನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಎಸ್.ಎಸ್.ಎಲ್.ಸಿ. ಪ್ರಥಮ ಭಾಷೆಯ ಪತ್ರಿಕೆಯಲ್ಲಿ ಪ್ರಬಂಧ, ಪತ್ರ, ಗಾದೆ ವಿಸ್ತರಣೆಗಳಿವೆ. ಅಲ್ಲಿ ಕರಡಿಗೂ ಮಾತುಕತೆಗೂ ಸಮಯವಿಲ್ಲ, ಪೀಠಿಕೆ ಉಪಸಂಹಾರಗಳಿಗೆ ಅಂಕವಿದೆ. ಇದನ್ನು ಅಲ್ಲಗಳೆಯುವಂತಿಲ್ಲ. ನಾನು ಕಂಡಂತೆ ಆರು, ಏಳು, ಎಂಟನೆಯ ತರಗತಿಗಳಲ್ಲಿ ಕರಡು ಬರೆದು ಕೈ ಪಳಗಿದವರಿಗೆ ಪರೀಕ್ಷೆಯ ಚೌಕಟ್ಟನ್ನು ಕಲಿಸಲು ಒಂಬತ್ತನೆಯ ತರಗತಿಯ ಕೊನೆಯ ಕೆಲವು ವಾರಗಳು ಸಾಕು. ಆಗ ಮೊದಲ ಎರಡು ನಿಮಿಷ ನಾಲ್ಕು ಪದ ಗುರುತು ಹಾಕಿಕೊಳ್ಳುವುದು, ಪೀಠಿಕೆಗೆ ಸ್ಥಳ ಬಿಟ್ಟು ನಡುವಿನಿಂದ ಶುರು ಮಾಡುವುದು, ಕೊನೆಯಲ್ಲಿ ಮೇಲಕ್ಕೆ ಹೋಗಿ ಮೂರು ಸಾಲು ತುಂಬುವುದು, ಇವನ್ನು ಗಡಿಯಾರ ಇಟ್ಟು ಅಭ್ಯಾಸ ಮಾಡಿಸುತ್ತೇವೆ. ಸ್ಥಳ ಎಷ್ಟು ಬಿಡಬೇಕೆಂದು ಮಕ್ಕಳು ಕೇಳುತ್ತಾರೆ. ನಾಲ್ಕು ಬೆರಳಿನಷ್ಟು ಎನ್ನುತ್ತೇವೆ.